ಮಾಲಿಯವರ ಕೊಳಲು, ನಮ್ಮ ಮಕ್ಕಳ ಕೈಚೀಲ

ನಮ್ಮ ಶಾಲೆಗೆ ಐವತ್ತು ತುಂಬಿದ ನೆನಪಿಗೆ ಮಕ್ಕಳಿಗೆ ಕೊಳಲಿನ ಪಾಠ ಆರಂಭಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ತೀರ್ಮಾನವಾಯಿತು. ಪಾಠಕ್ಕೆ ಏನೇನು ಸಾಮಾನು ಬೇಕೆಂದು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬರೆಯಲು ಕುಳಿತಾಗ ಮೊದಲು ನೆನಪಾದವರು ವೇಣುವಾದಕ ಟಿ.ಆರ್. ಮಹಾಲಿಂಗಂ. ಸಂಗೀತ ಕೇಳುವವರಿಗೆಲ್ಲ ಅವರು ಪ್ರೀತಿಯ ಮಾಲಿ. ಅವರ ಬದುಕಿನ ಜೊತೆಗೇ ನನ್ನ ಪಟ್ಟಿಯನ್ನೂ ತಮ್ಮ ಮುಂದಿಡುತ್ತಿದ್ದೇನೆ.

ಮಾಲಿ ಹುಟ್ಟಿದ್ದು 1926ರ ನವೆಂಬರ್ 6ರಂದು, ತಂಜಾವೂರು ಸೀಮೆಯ ತಿರುವಿಡೈಮರುದೂರಿನಲ್ಲಿ. ಮನೆಯವರು ಅವರನ್ನು ಬಂಧುಗಳಾದ ಜಾಲ್ರಾ ಗೋಪಾಲ ಅಯ್ಯರ್ ಅವರ ಬಳಿ ಹಾಡುಗಾರಿಕೆಗೆ ಸೇರಿಸಿದರು. ಹುಡುಗನ ಮನಸ್ಸು ಮಾತ್ರ ಕೊಳಲಿನ ಮೇಲೆ. ಕಿವಿಗೆ ಬಿದ್ದ ಪಾಠವನ್ನು ತಾನೇ ಕೊಳಲಿನಲ್ಲಿ ನುಡಿಸಿಕೊಳ್ಳುತ್ತಿದ್ದ. 1933ರಲ್ಲಿ, ಏಳು ವರ್ಷವಿದ್ದಾಗಲೇ, ಮದರಾಸಿನ ಮೈಲಾಪುರದ ತ್ಯಾಗರಾಜರ ಉತ್ಸವದಲ್ಲಿ ಕಚೇರಿ ಮಾಡಿ ಹಿರಿಯ ವಿದ್ವಾಂಸರನ್ನು ಬೆರಗುಗೊಳಿಸಿದ.

ಅದಕ್ಕೆ ಮೊದಲು ಕರ್ನಾಟಕ ಸಂಗೀತದಲ್ಲಿ ಕೊಳಲಿಗೆ ಕಚೇರಿಯ ಮುಖ್ಯ ಸ್ಥಾನ ದೊರಕಿಸಿಕೊಟ್ಟವರು ಕುಂಭಕೋಣದ ಶರಭ ಶಾಸ್ತ್ರಿಗಳು. ಅವರು ಕಣ್ಣು ಕಾಣದವರು. ಅವರ ನಂತರ ಪಲ್ಲಡಂ ಸಂಜೀವರಾಯರು ಆ ದಾರಿಯನ್ನು ಬೆಳೆಸಿದರು. ಮಾಲಿ ಈ ಹಿರಿಯರ ಬಾನಿಯನ್ನು ಹಾಗೆಯೇ ಅನುಸರಿಸಲಿಲ್ಲ. ಕೊಳಲನ್ನು ಹಿಡಿಯುವ ರೀತಿಯನ್ನೂ ಉಸಿರು ಬಿಡುವ ರೀತಿಯನ್ನೂ ಬದಲಿಸಿದರು. ಬೆರಳಿನ ತುದಿಯ ಬದಲು ಬೆರಳಿನ ಮೆತ್ತನೆಯ ಭಾಗದಿಂದ ರಂಧ್ರ ಮುಚ್ಚಿ, ಅದನ್ನು ಸ್ವಲ್ಪಸ್ವಲ್ಪವಾಗಿ ತೆರೆಯುತ್ತ, ಗಾಯಕರ ಕಂಠದಲ್ಲಿ ಬರುವ ಗಮಕವನ್ನು ಬಿದಿರಿನಲ್ಲಿ ತಂದರು. ಇಂದು ಕರ್ನಾಟಕ ಶೈಲಿಯಲ್ಲಿ ಕೊಳಲು ಕಲಿಯುವ ಬಹಳಷ್ಟು ಮಕ್ಕಳು ಹಿಡಿಯುವುದು ಅದೇ ಹಿಡಿತವನ್ನು.

ಈ ಸಂಗತಿ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನಾನು ಎಂಟನೇ ತರಗತಿಯಲ್ಲಿದ್ದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಂದು ಕೊಳಲು ಕೊಂಡು, ಕೆಂಗೇರಿಯಿಂದ ಬಸ್ಸು ಹತ್ತಿ ರಾಜಾಜಿನಗರದ ಮೇಷ್ಟ್ರೊಬ್ಬರ ಮನೆಗೆ ಹೋದೆ. ಅವರು ಶ್ರುತಿಪೆಟ್ಟಿಗೆ ಹಿಡಿದು ನನ್ನ ಕೊಳಲನ್ನು ಊದಿಸಿದರು. ಒಂದು ಸ್ವರವೂ ಶ್ರುತಿಗೆ ಕೂಡಲಿಲ್ಲ. ಪರಿಷೆಯ ಕೊಳಲಿಗೆ ಆರು ರಂಧ್ರ, ಅವೂ ಅಂದಾಜಿಗೆ ಕೊರೆದವು. ಪಾಠದ ಕೊಳಲಿಗೆ ಊದುವ ರಂಧ್ರ ಬಿಟ್ಟು ಎಂಟು ರಂಧ್ರಗಳಿರುತ್ತವೆ, ಒಂದೊಂದನ್ನೂ ಶ್ರುತಿ ನೋಡಿ ಕೊರೆದಿರುತ್ತಾರೆ. ಅದರ ಬೆಲೆ ಕೇಳಿ, ಮಿಲ್ಲಿನ ಸಂಬಳದಲ್ಲಿ ಸಂಸಾರ ತೂಗಿಸುತ್ತಿದ್ದ ಅಪ್ಪ ಸುಮ್ಮನಾದರು. ಕಡೆಗೆ ಮೇಷ್ಟ್ರೇ ತಮ್ಮ ಐದು ಮನೆಯ ಶ್ರುತಿಯ ಕೊಳಲೊಂದನ್ನು ನನಗೆ ಕೊಟ್ಟರು. ಅದು ಗಿಡ್ಡ ಕೊಳಲು, ನನ್ನ ಬೆರಳುಗಳಿಗೆ ಎಟುಕುತ್ತಿತ್ತು. ಬೆರಳು ರಂಧ್ರವನ್ನು ಪೂರ್ತಿ ಮುಚ್ಚದಿದ್ದರೆ ಮಾಲಿಯವರ ಹಿಡಿತವೂ ಪ್ರಯೋಜನಕ್ಕೆ ಬಾರದೆಂದು ಅವರು ತೋರಿಸಿಕೊಟ್ಟರು.

ಆ ವರ್ಷ ಬೇಸಿಗೆಯಲ್ಲಿ ನಾನು ಆ ಕೊಳಲನ್ನು ಕಿಟಕಿಯ ಬಿಸಿಲಿನಲ್ಲಿ ಮರೆತೆ. ಸಂಜೆ ನೋಡಿದರೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಮುಖ ತೋರಿಸಲು ನಾಚಿಕೆಯಾಗಿ ಪಾಠಕ್ಕೆ ಹೋಗುವುದನ್ನೇ ಬಿಟ್ಟೆ. 1986ರ ಮೇ 31ರಂದು ಮಾಲಿ ತೀರಿಕೊಂಡರು. ಆ ಸುದ್ದಿ ತಿಳಿದ ಮೇಲೆ ಮನಸ್ಸು ತಡೆಯದೆ, ಸೀಳಿದ ಕೊಳಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಬೈಯಲಿಲ್ಲ. ಸೀಳಿಗೆ ಅಂಟು ತುಂಬಿ, ದಾರ ಬಿಗಿಯಾಗಿ ಸುತ್ತಿ, ಒಣಗಲು ಬಿಟ್ಟರು. ಅದು ಒಣಗುವವರೆಗೂ ಮಾಲಿಯವರ ಕಥೆ ಹೇಳಿದರು.

ಮಾಲಿ ಪಿಟೀಲನ್ನೂ ನುಡಿಸಬಲ್ಲವರಾಗಿದ್ದರು. ಕೆಲಕಾಲ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದರು, ಅಮೆರಿಕದಲ್ಲೂ ಇದ್ದು ಬಂದರು. ಎನ್. ರಮಣಿ, ಟಿ.ಎಸ್. ಶಂಕರನ್ ಅವರಂಥ ಶಿಷ್ಯರನ್ನು ತಯಾರು ಮಾಡಿದರು. ಅವರು ಯಾರ ಅಂಕೆಗೂ ಸಿಗದ ಸ್ವಭಾವದವರು. ಕಚೇರಿಗೆ ತಡವಾಗಿ ಬರುವುದು, ನಡುವೆಯೇ ನಿಲ್ಲಿಸುವುದು, ಕೆಲವೊಮ್ಮೆ ಬಾರದೇ ಇರುವುದು ಎಲ್ಲರಿಗೂ ತಿಳಿದ ವಿಷಯವಾಗಿತ್ತು. ಆದರೂ ಜನ ಟಿಕೆಟ್ಟು ಕೊಂಡು ಕಾದಿರುತ್ತಿದ್ದರು. ಮೇಷ್ಟ್ರಿಗೆ ಅವರ ವಾದನದಲ್ಲಿ ಭಕ್ತಿ. ಆದರೆ ಶಿಷ್ಯರು ಅವರಿಂದ ನಾದವನ್ನು ಕಲಿಯಬೇಕು, ಹೊತ್ತಿಗೆ ಸರಿಯಾಗಿ ಕೂರುವುದನ್ನು ಮಾತ್ರ ಬೇರೆಯವರಿಂದ ಕಲಿಯಬೇಕೆಂದು ನಗುತ್ತಿದ್ದರು. ಅಂಥ ಪ್ರತಿಭೆಗೆ ಒಪ್ಪಿದ್ದು ನಮಗೆ ಒಪ್ಪುವುದಿಲ್ಲ, ದಿನಕ್ಕೆ ಅರ್ಧ ಗಂಟೆ ತಪ್ಪದೆ ಊದಿದವರಿಗಷ್ಟೇ ಕೊಳಲು ಒಲಿಯುತ್ತದೆ ಎಂಬುದು ನನ್ನ ಅನುಭವವೂ ಹೌದು.

ಈಗ ನಾನು ವಿಜಯನಗರದಲ್ಲಿ ಮಕ್ಕಳಿಗೆ ಕೊಳಲು ಹೇಳಿಕೊಡುತ್ತೇನೆ. ಆ ಅನುಭವದಿಂದ ಹೇಳುವ ಪಟ್ಟಿ ಹೀಗಿದೆ. ಹತ್ತು ಕೊಳಲು, ಎಲ್ಲವೂ ಐದು ಮನೆಯ ಶ್ರುತಿಯವು, ಒಬ್ಬರೇ ಕುಶಲಕರ್ಮಿ ಮಾಡಿದವು. ಒಬ್ಬೊಬ್ಬರು ಒಂದೊಂದು ಶ್ರುತಿಯದನ್ನು ದಾನ ಕೊಟ್ಟರೆ ಮಕ್ಕಳು ಒಟ್ಟಿಗೆ ನುಡಿಸಲಾಗದು, ಆದ್ದರಿಂದ ದಯವಿಟ್ಟು ಹಣವನ್ನು ಒಂದೆಡೆ ಸೇರಿಸೋಣ. ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಮನೆಯಲ್ಲಿ ಅಭ್ಯಾಸಕ್ಕೆ ಮೊಬೈಲಿನ ಶ್ರುತಿ ಸಾಕು. ಪ್ರತಿ ಕೊಳಲಿಗೂ ಒಂದು ಬಟ್ಟೆಯ ಚೀಲ, ಒಳಗಿನ ತೇವ ಒರೆಸಲು ತೆಳು ಕಡ್ಡಿ ಮತ್ತು ಹತ್ತಿಬಟ್ಟೆ. ಆಗಾಗ ತೆಳ್ಳಗೆ ಸವರಲು ಕೊಬ್ಬರಿ ಎಣ್ಣೆ. ಗಟ್ಟಿ ದಾರದ ಉಂಡೆ, ಅಂಟು. ಸರಳೆ, ಜಂಟಿ, ಅಲಂಕಾರ ಬರೆದುಕೊಳ್ಳಲು ಒಂದೊಂದು ನೋಟುಪುಸ್ತಕ. ಬಾಯಿಗೆ ತಾಗುವ ವಾದ್ಯವಾದ್ದರಿಂದ ಒಬ್ಬರದನ್ನು ಇನ್ನೊಬ್ಬರು ಊದಬಾರದು, ಪ್ರತಿ ಚೀಲದ ಮೇಲೂ ಮಗುವಿನ ಹೆಸರಿರಲಿ.

ಇವುಗಳ ಜೊತೆಗೆ ಎರಡು ಹೆಚ್ಚುವರಿ ಕೊಳಲುಗಳನ್ನೂ ಕೇಳುತ್ತೇನೆ. ಯಾವುದಾದರೂ ಮಗುವಿನ ಕೊಳಲು ಸೀಳಿದರೆ ನಾಚಿಕೆಯಿಂದ ಅದು ಪಾಠ ಬಿಡುವಂತಾಗಬಾರದು. ಮೇಷ್ಟ್ರು ದಾರ ಸುತ್ತಿಕೊಟ್ಟ ಆ ಕೊಳಲು ಇಂದಿಗೂ ನನ್ನ ಬಳಿ ಇದೆ, ಐದು ಮನೆಯ ಶ್ರುತಿಗೆ ಸರಿಯಾಗಿ ನುಡಿಯುತ್ತದೆ. ಮೊದಲ ಪಾಠದ ದಿನ ಅದನ್ನೂ ಶಾಲೆಗೆ ತರುತ್ತೇನೆ.