ದ್ರವಗಳ ತಕ್ಕಡಿಯನ್ನು ಕೊಟ್ಟ ಆಂತ್ವಾನ್ ಬೋಮೆ

ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ, ನಮ್ಮವರ ಹೋಟೆಲಿನ ಅಡಿಗೆಮನೆಯಲ್ಲಿ ಸಕ್ಕರೆ ಪಾಕವನ್ನು ಏರಿಸುವ ಅನುಭವಸ್ಥ ಭಟ್ಟರು ಒಂದು ತೊಟ್ಟನ್ನು ಎರಡು ಬೆರಳುಗಳ ನಡುವೆ ಹಿಡಿದು, ಎಳೆಯನ್ನು ನೋಡಿ, ಪಾತ್ರೆಯನ್ನಿಳಿಸುತ್ತಾರೆ. ಆ ಬೆರಳುಗಳ ಹಿಂದೆ ಎಷ್ಟೋ ವರ್ಷಗಳ ಪಳಗುವಿಕೆಯಿದೆ. ಆದರೆ ಭಟ್ಟರು ರಜೆಯ ಮೇಲೆ ಊರಿಗೆ ಹೋದರೆ ಪಾಕದ ಗತಿಯೇನು? ಅನುಭವಿಯ ಕೈಯಲ್ಲಿರುವ ಅರಿವನ್ನು ಅಂಕಿಯಾಗಿ ಮಾರ್ಪಡಿಸಿ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಕಾಣುವಂತೆ ಮಾಡಲು ಶ್ರಮಿಸಿದವರಲ್ಲಿ ಫ್ರಾನ್ಸ್ ದೇಶದ ಆಂತ್ವಾನ್ ಬೋಮೆ ಅಗ್ರಗಣ್ಯನು. ಆತನು ಪಥಿಕರಿಗೆ ಊಟವಸತಿಗಳನ್ನು ಒದಗಿಸುತ್ತಿದ್ದ ಒಬ್ಬ ಛತ್ರದ ಯಜಮಾನನ ಮಗನೆಂಬುದನ್ನು ತಿಳಿದಾಗ ನಮಗೆ ಆತನಲ್ಲಿ ಮತ್ತಷ್ಟು ಆದರವುಂಟಾಗುತ್ತದೆ.

ಬೋಮೆ 1728ನೆಯ ಇಸವಿ ಫೆಬ್ರವರಿ 26ರಂದು ಪ್ಯಾರಿಸಿನ ಉತ್ತರಕ್ಕಿರುವ ಸಾಂಲಿಸ್ ಪಟ್ಟಣದಲ್ಲಿ ಜನಿಸಿದನು. ತರುಣನಾಗಿ ಪ್ಯಾರಿಸಿಗೆ ಬಂದು, ಜೋಫ್ರ್ವಾ ಎಂಬ ಪ್ರಸಿದ್ಧ ರಸಾಯನಜ್ಞನ ಔಷಧಶಾಲೆಯಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡನು. ಅರೆಯುವುದು, ಸೋಸುವುದು, ಬಟ್ಟಿಯಿಳಿಸುವುದು, ಇವೇ ಅಲ್ಲಿನ ಪಾಠಗಳು. 1752ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಆತನು ಔಷಧಗಾರರ ಸಂಘಕ್ಕೆ ಸೇರುವ ಅಧಿಕಾರವನ್ನು ಪಡೆದನು. ಮುಂದೆ ಮಾಕೇರ್ ಎಂಬ ವಿದ್ವಾಂಸನೊಡಗೂಡಿ ಅನೇಕ ವರ್ಷಗಳ ಕಾಲ ರಸಾಯನಶಾಸ್ತ್ರವನ್ನು ಬೋಧಿಸಿದನು. 1762ರಲ್ಲಿ ಪ್ರಕಟವಾದ ಆತನ ಔಷಧಶಾಸ್ತ್ರದ ಗ್ರಂಥವು ಹಲವು ಮುದ್ರಣಗಳನ್ನು ಕಂಡಿತು.

ಪಾಂಡಿತ್ಯದ ಜೊತೆಗೆ ಆತನಿಗೆ ಉದ್ಯಮದ ಕಣ್ಣೂ ಇದ್ದಿತು. ಪಾತ್ರೆಗಳಿಗೆ ಕಲಾಯಿ ಹಾಕುವಾಗ ಬಳಸುವ ನವಸಾಗರವನ್ನು ನಮ್ಮ ಹೋಟೆಲು ಬಂಧುಗಳು ಬಲ್ಲರು. ಆ ಕಾಲದಲ್ಲಿ ಅದು ಯುರೋಪಿಗೆ ಈಜಿಪ್ಟಿನಿಂದ ಬರುತ್ತಿದ್ದಿತು. ಬೋಮೆ ಅದನ್ನು ಫ್ರಾನ್ಸಿನಲ್ಲಿಯೇ ತಯಾರಿಸಲು ಕಾರ್ಖಾನೆಯನ್ನು ಸ್ಥಾಪಿಸಿದನು. ರೇಷ್ಮೆಯನ್ನು ಬಿಳುಪುಗೊಳಿಸುವ ಕ್ರಮವನ್ನೂ ಸುಧಾರಿಸಿದನು.

ಆದರೆ ಆತನ ಹೆಸರನ್ನು ಉಳಿಸಿದುದು ಒಂದು ಗಾಜಿನ ಕೊಳವೆ. ದ್ರವದ ಮೇಲೆ ತೇಲಿ ಅದರ ಸಾಂದ್ರತೆಯನ್ನು ತಿಳಿಸುವ ಹೈಡ್ರೋಮೀಟರ್ ಬೋಮೆಗಿಂತ ಬಹು ಹಿಂದಿನಿಂದಲೂ ಬಳಕೆಯಲ್ಲಿದ್ದಿತು. ಗಟ್ಟಿಯಾದ ಪಾಕದಲ್ಲಿ ಕೊಳವೆ ಮೇಲೆದ್ದು ನಿಲ್ಲುತ್ತದೆ, ತೆಳುವಾದುದರಲ್ಲಿ ಕೆಳಗಿಳಿಯುತ್ತದೆ. ತತ್ತ್ವವಿಷ್ಟೇ. ಕೊರತೆಯಿದ್ದುದು ಗೆರೆಗಳಲ್ಲಿ. ಒಬ್ಬ ಕಸಬಿಯ ಉಪಕರಣದ ಗುರುತು ಮತ್ತೊಬ್ಬನದಕ್ಕೆ ಹೊಂದುತ್ತಿರಲಿಲ್ಲ. ಒಂದು ಒಡೆದರೆ ಅದರೊಡನೆ ಆ ಅಳತೆಯೂ ಹೋಗುತ್ತಿದ್ದಿತು.

ಬೋಮೆ 1768ರಲ್ಲಿ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ತನ್ನ ವಿಧಾನವನ್ನು ವಿವರಿಸಿದನು. ಕೊಳವೆಯನ್ನು ಶುದ್ಧ ನೀರಿನಲ್ಲಿ ತೇಲಿಸಿ, ನೀರಿನ ಮಟ್ಟವು ತಗುಲಿದೆಡೆಯಲ್ಲಿ ಸೊನ್ನೆಯನ್ನು ಬರೆಯಬೇಕು. ಅನಂತರ ತೂಕದಲ್ಲಿ 15 ಭಾಗ ಉಪ್ಪನ್ನು 85 ಭಾಗ ನೀರಿನಲ್ಲಿ ಕರಗಿಸಿ, ಅದರಲ್ಲಿ ತೇಲಿಸಿ, 15 ಎಂದು ಗುರುತಿಸಬೇಕು. ನಡುವಣ ಅಂತರವನ್ನು ಹದಿನೈದು ಸಮಭಾಗಗಳಾಗಿ ವಿಭಾಗಿಸಿ, ಅದೇ ಅಂತರದಲ್ಲಿ ಕೆಳಗಿನವರೆಗೂ ಗೆರೆಗಳನ್ನೆಳೆದರೆ ಮುಗಿಯಿತು. ಮದ್ಯಸಾರದಂತೆ ನೀರಿಗಿಂತ ಹಗುರಾದ ದ್ರವಗಳಿಗೆ ಬೇರೊಂದು ಕೊಳವೆ. ಅದರಲ್ಲಿ ನೂರಕ್ಕೆ ಹತ್ತು ಭಾಗ ಉಪ್ಪಿರುವ ನೀರಿಗೆ ಸೊನ್ನೆ, ಶುದ್ಧ ನೀರಿಗೆ 10.

ಇದರ ಹಿರಿಮೆಯನ್ನು ನಾವು ಗಮನಿಸಬೇಕು. ಉಪ್ಪು ಮತ್ತು ನೀರು ಯಾವ ಊರಿನಲ್ಲಿಲ್ಲ? ಯಾವ ಅರಸನ ಮುದ್ರೆಗೂ ಕಾಯದೆ, ಸಾಮಾನ್ಯ ಕಸಬಿಯೂ ತನ್ನ ಕೊಳವೆಗೆ ತಾನೇ ಗೆರೆಯೆಳೆಯಬಹುದಾಯಿತು. ಮಾರುವವನ ಅಳತೆಯನ್ನು ಕೊಳ್ಳುವವನು ಪರೀಕ್ಷಿಸಬಹುದಾಯಿತು. ಮಿಠಾಯಿಗಾರರು ಪಾಕಕ್ಕೂ, ದ್ರಾಕ್ಷಾರಸದವರು ಹಣ್ಣಿನ ರಸಕ್ಕೂ ಇದನ್ನು ಹಿಡಿದರು. ಸುಮಾರು 30 ಡಿಗ್ರಿ ಬೋಮೆ ತೋರಿಸುವ ಪಾಕದಲ್ಲಿ ತೂಕದ ನೂರಕ್ಕೆ 55 ಪಾಲು ಸಕ್ಕರೆ. 35 ತೋರಿಸಿದರೆ ಸುಮಾರು 65 ಪಾಲು.

ಆದರೆ ಉಪಕರಣವೆಷ್ಟೇ ಪ್ರಾಮಾಣಿಕವಾದರೂ ಓದುವವನಿಗೆ ವಿವೇಕ ಬೇಕು. ಬಿಸಿ ಪಾಕ ಹಿಗ್ಗುವುದರಿಂದ ಅಂಕಿ ಕಡಮೆಯಾಗಿ ತೋರುತ್ತದೆ. ಆದುದರಿಂದ ಉಷ್ಣಮಾನವನ್ನು ನೋಡದೆ ಓದಿದ ಅಂಕಿಗೆ ಬೆಲೆಯಿಲ್ಲ. ಮೇಲಾಗಿ ಕೊಳವೆಯು ದ್ರವದ ಭಾರವನ್ನು ಹೇಳುವುದೇ ಹೊರತು ಅದರಲ್ಲಿ ಕರಗಿರುವುದು ಉಪ್ಪೋ ಸಕ್ಕರೆಯೋ ಎಂಬುದನ್ನು ಹೇಳಲಾರದು. ಇದೇ ಕುಲಕ್ಕೆ ಸೇರಿದ ಲ್ಯಾಕ್ಟೋಮೀಟರನ್ನು ನೋಡಿರಿ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಮಾಡಿದ ವಂಚಕನ ಹಾಲು ಪರೀಕ್ಷೆಯಲ್ಲಿ ಶುದ್ಧವೆನಿಸಿಕೊಳ್ಳಬಹುದು.

ಬೋಮೆಯ ಉತ್ತರವಯಸ್ಸು ಸುಖಕರವಾಗಿರಲಿಲ್ಲ. 1780ರಲ್ಲಿ ಆತನು ವ್ಯಾಪಾರವನ್ನು ಬಿಟ್ಟು, ಕೂಡಿಟ್ಟ ಹಣದಿಂದ ಸಂಶೋಧನೆಯಲ್ಲಿಯೇ ಕಾಲ ಕಳೆಯಲು ನಿಶ್ಚಯಿಸಿದನು. 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಆ ಅಲ್ಲೋಲಕಲ್ಲೋಲದಲ್ಲಿ ಆತನ ಸಂಪತ್ತೆಲ್ಲವೂ ನಾಶವಾಯಿತು. ಅರವತ್ತು ದಾಟಿದ ವೃದ್ಧನು ಹೊಟ್ಟೆಪಾಡಿಗಾಗಿ ಮತ್ತೆ ವ್ಯಾಪಾರವನ್ನು ಕೈಗೊಳ್ಳಬೇಕಾಯಿತು. ಶಾಸ್ತ್ರದಲ್ಲಿಯೂ ಕಾಲ ಬದಲಾಗಿದ್ದಿತು. ಉರಿಯುವ ವಸ್ತುವಿನಿಂದ ಫ್ಲೊಜಿಸ್ಟನ್ ಎಂಬ ತತ್ತ್ವವು ಹೊರಬೀಳುತ್ತದೆಂಬ ಹಳೆಯ ವಾದವನ್ನು ಲವಾಸಿಯೇ ಖಂಡಿಸಿದಾಗ, ಬೋಮೆ ಹಳೆಯ ವಾದವನ್ನೇ ಹಿಡಿದು ನಿಂತನು. ಆ ವಾದ ಬಿದ್ದುಹೋಯಿತು. 1804ರ ಅಕ್ಟೋಬರ್ 15ರಂದು ಆತನು ಪ್ಯಾರಿಸಿನಲ್ಲಿ ಕಾಲವಶನಾದನು.

ಮುಂದೆ ಬೋಮೆಯ ಮಾನಕ್ಕೂ ವಿಪತ್ತು ಬಂದಿತು. ತಯಾರಕರು ತಮಗೆ ತೋಚಿದಂತೆ ಗೆರೆಗಳನ್ನು ಬದಲಿಸಿ ಅದೇ ಹೆಸರಿನಲ್ಲಿ ಮಾರಿದರು. ಅವನ್ನು ಸರಿಪಡಿಸಲು ಲೆಕ್ಕದ ಸೂತ್ರಗಳು ಬೇಕಾದುವು. ಸಕ್ಕರೆಯ ಪಾಲನ್ನೇ ನೇರವಾಗಿ ಹೇಳುವ ಮಾನವನ್ನು ಬೊಹೀಮಿಯದ ಬಾಲಿಂಗನೂ ಜರ್ಮನಿಯ ಬ್ರಿಕ್ಸನೂ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದರು. ಇಂದು ಸಕ್ಕರೆ ಕಾರ್ಖಾನೆಗಳಲ್ಲಿ ಬ್ರಿಕ್ಸನ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. ಆದರೂ ದ್ರಾಕ್ಷಾರಸ, ಪಾಕ, ಪಿಷ್ಟಗಳ ಉದ್ಯಮಗಳಲ್ಲಿ ಡಿಗ್ರಿ ಬೋಮೆ ಎಂಬ ಮಾತು ಅಳಿದಿಲ್ಲ.

ಬೋಮೆ ಅಭಿಮಾನದಿಂದ ಎತ್ತಿಹಿಡಿದ ಸಿದ್ಧಾಂತವು ಪುಸ್ತಕದ ಕಪಾಟನ್ನು ಸೇರಿತು. ಆತನು ಕೂಡಿಟ್ಟ ಐಶ್ವರ್ಯವು ಕಣ್ಣೆದುರಿಗೇ ಕರಗಿತು. ಹಿಡಿಯುಪ್ಪಿನಿಂದ ಗುರುತಿಸಿದ ಗೆರೆಗಳು ಮಾತ್ರ, ದುಡಿಯುವವರ ಕೈ ಸೇರಿದುದರಿಂದ, ಎರಡೂವರೆ ಶತಮಾನಗಳ ಬಳಿಕವೂ ಬಾಳುತ್ತಿವೆ. ಅಳತೆಯು ಯಜಮಾನನಿಗೂ ಕೆಲಸದವನಿಗೂ ಒಂದೇ ಆಗಿರುವಲ್ಲಿ ನ್ಯಾಯಕ್ಕೆ ನೆಲೆಯುಂಟು. ಛತ್ರದ ಮನೆಯ ಮಗನಿಂದ ನಮಗೆ ದೊರೆತ ಉಪಕಾರವು ಇದೇ ಎಂದು ನಾವು ಭಾವಿಸುತ್ತೇವೆ.