ಬೀಗದ ಕೈ ಕಳೆದರೆ ಇಡೀ ಬೀಗವನ್ನೇ ಬದಲಿಸಬೇಕೇ?

ಚಳ್ಳಕೆರೆಗೆ ಹೋಗಿ ಮೊಳಕಾಲ್ಮುರಿಗೆ ಮರಳಿದಾಗ ಜೇಬಿನಲ್ಲಿ ಕೀ ಇಲ್ಲ! ಬಾಗಿಲಿಗೆ ಕೂರಿಸಿದ ಬೀಗವನ್ನೇ ಕಿತ್ತು ಹೊಸದು ಹಾಕಬೇಕೆಂದು ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಬೇಕಿಲ್ಲ. ಇದಕ್ಕೆ ಲೈನಸ್ ಯೇಲ್ ಜೂನಿಯರ್ ಕಾರಣ.

1821ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಯೇಲ್ ಮೊದಲು ಭಾವಚಿತ್ರ ಬರೆಯುತ್ತಿದ್ದರು; ಆಮೇಲೆ ಬೀಗ ತಯಾರಿಸುತ್ತಿದ್ದ ಅಪ್ಪನ ಕಸುಬಿಗೆ ಬಂದರು. ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿದ್ದ ಪಿನ್ನುಗಳ ಉಪಾಯವನ್ನು 1860ರ ದಶಕದಲ್ಲಿ ಪುಟ್ಟ ಸಿಲಿಂಡರಿನೊಳಗೆ ತಂದರು. ಚಪ್ಪಟೆ ಕೀಯ ಹಲ್ಲುಗಳು ಎಲ್ಲ ಪಿನ್ನುಗಳನ್ನೂ ಸರಿಯಾದ ಎತ್ತರಕ್ಕೆ ಎತ್ತಿದರಷ್ಟೇ ಸಿಲಿಂಡರ್ ತಿರುಗುತ್ತದೆ. ಹಾಗಾಗಿ ಪಿನ್ನು ಅಥವಾ ಸಿಲಿಂಡರ್ ಮಾತ್ರ ಬದಲಿಸಿದರೂ ಸಾಕು, ಕಳೆದ ಕೀ ಯಾರಿಗೆ ಸಿಕ್ಕರೂ ಬಾಗಿಲು ತೆರೆಯದು. (ತೂಗುಬೀಗವಾದರೆ ಹೊಸದೇ ಅಗ್ಗ.)

ಹೆನ್ರಿ ಟೌನ್ ಜತೆ ಕಂಪನಿ ಶುರುಮಾಡಿದ ಕೆಲವೇ ತಿಂಗಳಲ್ಲಿ, 1868ರ ಕ್ರಿಸ್‌ಮಸ್ ದಿನ, ಯೇಲ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 47.