ಫಲ ಕಾಣದೆ ಹೋದ ಸ್ಥಾಪಕ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜೆ. ಎನ್. ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಮದ್ಯ ತಯಾರಿಕೆಯ ಸಂಸ್ಥೆಯೊಂದನ್ನು ಕಟ್ಟಿದರು. ಅದಕ್ಕೆ ಅಮೃತ್ ಎಂದು ಹೆಸರಿಟ್ಟರು. ಆರಂಭದ ಸರಕು ಬ್ರಾಂದಿ. ಸೈನಿಕರ ಕ್ಯಾಂಟೀನುಗಳೂ ಗಿರಾಕಿಗಳಾದವು. 1976ರಲ್ಲಿ ಜಗದಾಳೆಯವರು ತೀರಿಕೊಂಡರು. ಆಗ ನಮ್ಮ ದೇಶದ ವಿಸ್ಕಿಯೆಂದರೆ ಬಹುಮಟ್ಟಿಗೆ ಕಾಕಂಬಿಯಿಂದ ತೆಗೆದ ಮದ್ಯವೇ.

ಮಗ ನೀಲಕಂಠ ರಾವ್ ಜಗದಾಳೆಯವರು 1980ರ ದಶಕದಲ್ಲಿ ಬಾರ್ಲಿಯ ಕಡೆಗೆ ತಿರುಗಿದರು. 1987ರಲ್ಲಿ ಕಾರ್ಖಾನೆ ಮೈಸೂರು ರಸ್ತೆಯ ಕಂಬೀಪುರಕ್ಕೆ ಬಂತು. ಅಮೆರಿಕದ ಬರ್ಬನ್ ವಿಸ್ಕಿಗೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬುದು ಅಲ್ಲಿಯ ಕಾನೂನು. ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳಲ್ಲಿ ಇಲ್ಲಿಯ ಮದ್ಯ ಮಾಗಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಪಾಲು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ 10ಕ್ಕೂ ಹೆಚ್ಚು. ನಷ್ಟ ದೊಡ್ಡದು, ಆದರೆ ಮಾಗುವುದೂ ಬೇಗ.

2004ರಲ್ಲಿ ಈ ವಿಸ್ಕಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರಾಟಕ್ಕೆ ಬಂತು. 2010ರಲ್ಲಿ ವಿಮರ್ಶಕ ಜಿಮ್ ಮರ್ರೆಯವರು ಇದರ ‘ಫ್ಯೂಷನ್’ ಬಗೆಗೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟರು. ಮುಂದೆ ಬೇರೆ ಬೇರೆ ಓಕ್ ಹಲಗೆಗಳನ್ನು ಒಂದೇ ಪೀಪಾಯಿಯಾಗಿ ಜೋಡಿಸಿ ಮಾಗಿಸಿದ ‘ಸ್ಪೆಕ್ಟ್ರಂ’ ಸಂಗ್ರಾಹಕರ ಕಪಾಟು ಸೇರಿತು.

ಕುಡಿತ ಎಷ್ಟು ಮನೆಗಳನ್ನು ಹಾಳುಮಾಡಿದೆಯೆಂಬುದು ಓದುಗರಿಗೆ ತಿಳಿಯದ್ದಲ್ಲ. ಈ ಬರೆಹ ಅದರ ಹೊಗಳಿಕೆಯಲ್ಲ. ಹೇಳಬೇಕಾದ್ದು ಇಷ್ಟೆ: ತಂದೆ ತೀರಿಕೊಂಡು 28 ವರ್ಷಗಳಾದ ಮೇಲೆ ಅವರಿಟ್ಟ ಹೆಸರು ಕಡಲು ದಾಟಿತು. ನೆಟ್ಟವರೇ ಹಣ್ಣು ತಿನ್ನಬೇಕೆಂದು ಹಟ ಹಿಡಿದಿದ್ದರೆ ಯಾವ ಊರಿನಲ್ಲೂ ಹಲಸಿನ ಮರವಿರುತ್ತಿರಲಿಲ್ಲ.